ಕೀಲು ಕಿತ್ತರೆ ಏಳುತ್ತೇನೆ

ನಾನು ಒಂದು ಬಡಗಿಯ ಮೇಜು. ಹೂದಾನಿ ಇಡುವ ಮೇಜು ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ. ಹುಬ್ಬಳ್ಳಿಯ ಒಂದು ತರಬೇತಿ ಶಾಲೆಯಲ್ಲಿ ಮತ್ತಿ ಮರದಿಂದ ನನ್ನನ್ನು ಮಾಡಿದರು. ಉದ್ದನೆಯ ಹುಡುಗರಿಗೂ ಗಿಡ್ಡ ಹುಡುಗರಿಗೂ ಹೊಂದಲಿ ಎಂದು ಕಾಲೊಳಗೆ ಕಾಲು ಕೂರಿಸಿ, ಸಾಲಾಗಿ ತೂತು ಕೊರೆದು, ಕಬ್ಬಿಣದ ಕೀಲು ಕೊಟ್ಟರು. ಕೀಲು ಕಿತ್ತರೆ ಏಳುತ್ತೇನೆ, ಇಳಿಯುತ್ತೇನೆ. ಕೀಲು ಹಾಕಿದಿರೋ, ಯಾರಪ್ಪ ತಳ್ಳಿದರೂ ಅಲುಗುವುದಿಲ್ಲ. ಶಾಲೆಗೆ ಯಂತ್ರಗಳು ಬಂದವು, ನನ್ನನ್ನು ಹಳೇ ಸಾಮಾನಿನ ಅಂಗಡಿಗೆ ಸಾಗಹಾಕಿದರು.

ಅಲ್ಲಿಗೆ ಬಂದವಳು ಕಸ್ತೂರವ್ವ, ಗದಗಿನ ಬಡಿಗೇರ ಮನೆತನದ ಸೊಸೆ. ಅಂಗಡಿಯವ ಅವಳಿಗೆ ಹಿಡಿಕೆ ತಿರುಗಿಸಿದರೆ ಏಳುವ ಹೊಸ ಮೇಜೊಂದನ್ನು ತೋರಿಸಿದ. ಮರ ಕೀಸುವವಳಂತೆ ಅವಳು ಎರಡೂ ಅಂಗೈ ಊರಿ ತಳ್ಳಿದಳು. ಥಳಥಳ ಹೊಳೆಯುತ್ತಿದ್ದ ಮೇಜು ಗಡಗಡ ನಡುಗಿತು. ನನ್ನನ್ನೂ ತಳ್ಳಿದಳು. ನಾನು ಕದಲಲಿಲ್ಲ.

"ಅಕ್ಕಾರ, ಇದು ಭಾಳ ಭಾರ ಐತ್ರಿ," ಅಂದ ಅಂಗಡಿಯವ.

"ಭಾರ ಇದ್ದದ್ದಕ್ಕ ಬೇಕ್ರಿ. ಹಗೂರ ಇದ್ದದ್ದು ಕೀಸೋ ರಂದಾದ ಜೋಡಿ ತಾನೂ ಓಡತೈತಿ."

ಕೈ ಇಳಿಬಿಟ್ಟು ನಿಂತು, ಅಂಗೈ ತಾಗುವ ಎತ್ತರಕ್ಕೆ ನನ್ನನ್ನು ಇಳಿಸಿ ನೋಡಿದಳು; ಅದು ಕೀಸುವುದಕ್ಕೆ. ಮೊಣಕೈವರೆಗೆ ಏರಿಸಿ ನೋಡಿದಳು, ಅದು ಕೆತ್ತುವುದಕ್ಕೆ. ಅಂದೇ ನಾನು ಅವಳ ಪಾಲಾದೆ.

ಆ ಮನೆಯಲ್ಲಿ ಬಾಗಿಲು ಕೆತ್ತುವವರು ನೆಲದ ಮೇಲೆ ಕೂತು, ಕಾಲು ಚಾಚಿ, ಪಾದಗಳಿಂದ ಮರವನ್ನು ಒತ್ತಿ ಹಿಡಿಯುತ್ತಾರೆ. ಕಸ್ತೂರವ್ವನಿಗೆ ತವರಲ್ಲಿ ಅಪ್ಪ ಕಲಿಸಿದ್ದೂ ಹಾಗೆಯೇ. ಆದರೆ ಮಾವನೆದುರು ಸೊಸೆ ಕಾಲು ಚಾಚಿ ಕೂರುವುದುಂಟೇ? ಹಾಗಾಗಿ ಮದುವೆಯಾದಂದಿನಿಂದ ಅವಳ ಉಳಿಗಳು ಟ್ರಂಕಿನಲ್ಲೇ ಇದ್ದವು. ಕೂರಲು ಬಿಡದಿದ್ದರೆ ನಿಂತು ಮಾಡುತ್ತೇನೆ ಎಂದು ನನ್ನನ್ನು ತಂದಿದ್ದಳು.

ಮಾವ ಮೌನಪ್ಪ, ಹೆಸರಿಗಷ್ಟೇ ಮೌನ, ನನ್ನನ್ನು ನೋಡಿದವನೇ ಸಿಡುಕಿದ. "ನಿಂತು ಮಾಡೋದು ಅಡಗಿ. ಬಡಿಗಿತನ ಕುಂತು ಮಾಡಬೇಕು."

"ಅಡಗಿ ಮಾಡಿ ಮಾಡಿ ನಿಲ್ಲೂದು ರೂಢಿ ಆಗೇತ್ರಿ ಮಾವಾರ. ಇಲ್ಲೂ ನಿಲ್ತೇನಿ."

ಅವಳಿಗೆ ಮೊದಲ ಕೆಲಸ ಸಿಕ್ಕಿತು, ಒಂದು ದೇವರ ಕೋಣೆಯ ಬಾಗಿಲು. ಹಲಗೆ ಕೀಸಿ ಮುಗಿಸಿ, ನನ್ನನ್ನು ತಗ್ಗಿನಲ್ಲೇ ಬಿಟ್ಟು ಒಂದು ದಿನ ತವರಿಗೆ ಹೋದಳು. ಬಂದು ಕೆತ್ತಲು ಏರಿಸಹೋದರೆ ನಾನು ಏಳಲಿಲ್ಲ. ನಾಲ್ಕೂ ಕಾಲಿನ ಸಂದಿಗೆ ಮೌನಪ್ಪ ಅಂಟು ಸುರಿದು ಬೆಣೆ ಬಡಿದಿದ್ದ.

"ಕಾಲು ಸಡ್ಲ ಇದ್ದೂ. ಬಿಗಿ ಮಾಡೇನಿ," ಅಂದ.

ಜನ್ಮದಲ್ಲಿ ಒಂದು ಸಡಿಲ ಸಂದು ಸಹಿಸಿದವನಲ್ಲ, ನಿಜ. ಆದರೆ ಬರೀ ಕಸುಬಿನ ಚಾಳಿ ಅದಾಗಿರಲಿಲ್ಲ. ಹೊಟ್ಟೆಕಿಚ್ಚೂ ಇತ್ತು. ನನಗೆ ಮೈಯೆಲ್ಲ ಉರಿಯಿತು.

ಕಸ್ತೂರವ್ವ ನನ್ನನ್ನು ಮಗ್ಗುಲಿಗೆ ಕೆಡವಿದಳು. ಉಳಿ ತಂದು, ಮಾವನ ಕಣ್ಣೆದುರೇ ನೆಲದ ಮೇಲೆ ಕೂತು, ಎರಡೂ ಕಾಲು ಚಾಚಿ, ಪಾದಗಳಿಂದ ನನ್ನ ಕಾಲನ್ನು ಒತ್ತಿ ಹಿಡಿದು, ಅಂಟು ಕೆರೆದು ಬೆಣೆ ಬಿಡಿಸತೊಡಗಿದಳು. ಮೌನಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಕತ್ತು ತಾನಾಗಿ ಇತ್ತ ತಿರುಗಿತು. ಅವಳ ಪಾದಗಳ ಹಿಡಿತ ನೋಡಿದ, ಉಳಿಯ ಓರೆ ನೋಡಿದ. ಎಷ್ಟಾದರೂ ಬಡಗಿಯ ಕಣ್ಣು. ಎದ್ದು ಹೋಗಲಿಲ್ಲ. ಸಂಜೆಯೊಳಗೆ ನಾನು ಅವಳ ಮೊಣಕೈವರೆಗೆ ಎದ್ದು ನಿಂತೆ.

ಬಾಗಿಲು ಮುಗಿಯಿತು, ಹಿಂದೆಯೇ ಬೇರೆ ಬಾಗಿಲುಗಳು ಬಂದವು. ಕೆಲವು ವರ್ಷಗಳಲ್ಲಿ ಮೌನಪ್ಪನ ಮೊಣಕಾಲು ಮಡಚದಾಯಿತು, ನೆಲಕ್ಕೆ ಕೂರುವುದು ನಿಂತಿತು. ಒಂದು ಬೆಳಿಗ್ಗೆ ಉಳಿ ಹಿಡಿದು ನನ್ನ ಬಳಿ ಬಂದು ನಿಂತ. ಎತ್ತರದ ಆಳು, ನಾನು ಅವನಿಗೆ ತಗ್ಗು.

"ಇದನ್ನ ಒಂದು ತೂತು ಮ್ಯಾಲ ಮಾಡವಾ," ಅಂದ, ನೆಲ ನೋಡುತ್ತ.

"ಕೀಲು ನೀವ ತಗೀರಿ, ಮಾವಾರ."

ತೆಗೆದ. ತನ್ನ ಕೈಯಾರೆ ತೆಗೆದ! ಸಡಿಲವಾಗುವುದೇ ಬೇರೆ, ಜಾಗ ಬಿಟ್ಟು ಏಳುವುದೇ ಬೇರೆ. ಇಷ್ಟು ತಿಳಿಯಲು ಆ ಜಾಣನಿಗೆ ಮೊಣಕಾಲೇ ಹೋಗಬೇಕಾಯಿತು.

ಈಗ ಮೌನಪ್ಪನಿಲ್ಲ. ನಾನು ಕಿಟಕಿಯ ಪಕ್ಕದ ಮೂಲೆಯಲ್ಲಿದ್ದೇನೆ, ಕಾಲಲ್ಲಿ ಬೆಣೆಯ ಗಾಯಗಳಿವೆ. ಮೊನ್ನೆ ಗುಜರಿಯವ ಬಂದು ನನ್ನನ್ನು ಕೊಡುತ್ತೀರಾ ಎಂದು ಕೇಳಿದ.

"ಹೋಗಪಾ," ಅಂದಳು ಕಸ್ತೂರವ್ವ, "ನಮಗಿನ್ನೂ ಕೆಲಸ ಐತಿ."

ಅವಳ ಬೆನ್ನು ಬಾಗಿದೆ. ಅವನು ಹೋದ ಮೇಲೆ ನನ್ನ ಕೀಲು ಕಿತ್ತು ಒಂದು ತೂತು ಕೆಳಗೆ ಇಳಿಸಿದಳು, ಉಳಿ ಎತ್ತಿಕೊಂಡಳು. ಗುಜರಿಯವ ಬೇಕಾದರೆ ಮತ್ತೆ ಬರಲಿ. ಕೆಳಗೆ ಇನ್ನೂ ತೂತುಗಳಿವೆ.