ಹತ್ತಿದ ಪೆಟ್ಟಿಗೆ, ಹಿಡಿದ ಕೈ

ನಾನು ಒಂದು ಸಾಬೂನಿನ ಪೆಟ್ಟಿಗೆ. ಇಂಗ್ಲೆಂಡಿನ ಬಡಗಿಯೊಬ್ಬ ಪೈನ್ ಮರದ ಹಲಗೆಗಳಿಗೆ ಮೊಳೆ ಬಡಿದು ನನ್ನನ್ನು ಹುಟ್ಟಿಸಿದ. ಹೊಟ್ಟೆ ತುಂಬ ಬಟ್ಟೆ ಸಾಬೂನು ಹೊತ್ತು ಹಾರ್ಟ್‌ಬ್ರೂಕ್ ಎಂಬ ಗಿರಣಿ ಊರಿಗೆ, ಎಡ್ವಿನ್ ಲೋಮ್ಯಾಕ್ಸ್ ಅವರ ದಿನಸಿ ಅಂಗಡಿಗೆ ಬಂದೆ. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಸಾಬೂನು ಖರ್ಚಾದ ಮೇಲೆ ನಾನು ಒಲೆಗೆ ಹೋಗಬೇಕಿತ್ತು. ಉಳಿದದ್ದು ಲೋಮ್ಯಾಕ್ಸ್ ಅವರ ಕುಳ್ಳತನದಿಂದ.

ಸಂತೆಯಲ್ಲಿ ಅವರು ಗಿರಣಿ ಕೆಲಸಗಾರರ ಪರವಾಗಿ ಭಾಷಣ ಮಾಡಿದರೆ ಹಿಂದಿನವರಿಗೆ ಟೋಪಿಯಷ್ಟೇ ಕಾಣುತ್ತಿತ್ತು. ಒಂದು ಶನಿವಾರ ನನ್ನನ್ನು ಬೋರಲು ಹಾಕಿ ಹತ್ತಿದರು. ಅಂದಿನಿಂದ ಅವರ ಏಳಿಗೆಯನ್ನೆಲ್ಲ ನಾನು ಬೂಟಿನ ಅಡಿಯಲ್ಲೇ ಕಂಡೆ. ಮೊದಲು ತೂತು, ಆಮೇಲೆ ತೇಪೆ, ಒಂದು ಅಂಗಡಿ ಹೋಗಿ ಊರೂರಿಗೂ ಅಂಗಡಿಯಾದಾಗ ಹೊಸ ಚರ್ಮ. ಪಾರ್ಲಿಮೆಂಟಿಗೆ ಗೆದ್ದ ಮೇಲೂ ನನ್ನನ್ನು ಬಿಡಲಿಲ್ಲ. ಮೋಟಾರಿನಲ್ಲಿ ಒಯ್ದು ವೇದಿಕೆಯ ಮೇಜಿನ ಹಿಂದೆ ಅಡಗಿಸಿಡುತ್ತಿದ್ದರು. ಬೇರೆ ಊರಿನವರು ಅವರನ್ನು ಎತ್ತರದ ಆಳೆಂದೇ ನಂಬಿದ್ದರು. ನನಗೆ ಒಳಗೊಳಗೇ ನಗು. ಅವರು ಹತ್ತಿ ಇಳಿದು ಮಾಡಿ ನನ್ನದೊಂದು ಹಲಗೆ ಸೀಳಿತು, ಆದರೂ ಎಂಥ ಸುಖದ ದಿನಗಳು ಅವು.

ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. "ಕೆಲಸ ಹೋದವರ ಭತ್ಯೆಗೆ ಯಾರೂ ಕೈ ಹಾಕೋಕೆ ಬಿಡಲ್ಲ" ಎಂದು ನನ್ನ ಮೇಲೆ ನಿಂತೇ ಮಾತು ಕೊಟ್ಟವರು, ಲಂಡನ್ನಿನಲ್ಲಿ ಭತ್ಯೆ ಕಡಿತದ ಪರವಾಗಿ ಮತ ಹಾಕಿ ಬಂದರು. ಚುನಾವಣೆ ಎದುರಿಗೇ ಇತ್ತು. ಅದೇ ಸಂತೆಯಲ್ಲಿ ಸಭೆ. ಬಜೆಟ್ಟು, ಖಜಾನೆ ಎಂದು ಬಿಡಿಸಿ ಹೇಳತೊಡಗಿದರು. ಮಗ್ಗದ ಕೆಲಸ ಕಳೆದುಕೊಂಡ ಮುದುಕಿ ಆಗ್ನೆಸ್ ಮುಂದೆ ಬಂದಳು.

"ಎಡ್ವಿನ್, ಒಂದೇ ಅಂಗಡಿ ಇದ್ದಾಗ್ಲಿಂದ ನಿನ್ನ ಮಾತು ಕೇಳ್ತಾ ಬಂದಿದೀನಿ. ಇವತ್ತು ಕೆಳಗಿಳಿಯಪ್ಪ, ನಾನು ಮಾತಾಡ್ಬೇಕು."

ಹತ್ತಿದ ಏಣಿಯನ್ನು ಒದೆಯುವವರೇ ಲೋಕದಲ್ಲಿ ಹೆಚ್ಚು. ಇವರೂ ಅವರಲ್ಲೊಬ್ಬರೇನೋ ಎಂದು ನನಗೆ ಸಂಕಟ. ಲೋಮ್ಯಾಕ್ಸ್ ತೆಪ್ಪಗೆ ಇಳಿದರು. ಆಗ್ನೆಸ್ ಹತ್ತಿದೊಡನೆ ನನ್ನ ಸೀಳು ಹಲಗೆ ವಾಲಿತು. ಆ ಪಾರ್ಲಿಮೆಂಟ್ ಸದಸ್ಯರು ಕೆಸರಿನಲ್ಲಿ ಮಂಡಿಯೂರಿ ನನ್ನನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದರು.

"ಮಾತಾಡು ಆಗ್ನೆಸ್, ಬೀಳಲ್ಲ."

ಅವಳು ಅವರ ನೀರಿಳಿಸಿದಳು. ಅವಳ ಮಾತು ಮುಗಿಯುವವರೆಗೂ ಅವರು ಕೈ ತೆಗೆಯಲಿಲ್ಲ.

ಆ ಸಲ ಸೋತರು, ಮತ್ತೆ ನಿಲ್ಲಲಿಲ್ಲ. ಈಗ ಅವರಿಲ್ಲ. ಅವರ ಮೊದಲ ಅಂಗಡಿಯ ಹಿತ್ತಿಲಲ್ಲಿ ಆಲೂಗಡ್ಡೆ ಮೂಟೆ ಹೊತ್ತು ಕೂತಿದ್ದೇನೆ. ಅಷ್ಟು ವರ್ಷ ತುಳಿದ ಬೂಟುಗಳ ಭಾರ ಮರೆತುಹೋಗಿದೆ. ಆ ಕೈಗಳ ಬಿಸಿ ಮಾತ್ರ ಇನ್ನೂ ಈ ಹಲಗೆಯಲ್ಲಿದೆ.