ಭೇದಿಯಾಗದ ನಾಲ್ಕು ಮೊಲಗಳು

ಬೇಸಿಗೆ ಏರಿದಂತೆ ಆಸ್ಪತ್ರೆಯ ಮೊಲದ ಮನೆಯ ಉಚ್ಚೆ ನಾತವೂ ಏರಿತ್ತು. ಬೆಳಿಗ್ಗೆ ಏಳಕ್ಕೇ ಕಣ್ಣು ಉರಿಯುವಷ್ಟು. ಮೊಲದಪ್ಪ ಗೂಡುಗಳ ಕೆಳಗಿನ ತಟ್ಟೆಗಳನ್ನು ಒಂದೊಂದಾಗಿ ಎಳೆದು, ಹಿಕ್ಕೆಯನ್ನು ಬೆರಳಲ್ಲಿ ಹಿಸುಕಿ ನೋಡಿ, ಆಮೇಲೆ ಬಕೆಟ್ಟಿಗೆ ಸುರಿಯುತ್ತಿದ್ದ. ಹಿಸುಕಿದರೆ ಪುಡಿಯಾಗಬೇಕು, ಬೆರಳಿಗೆ ಅಂಟಿದರೆ ಹೊಟ್ಟೆ ಕೆಟ್ಟಿದೆ ಎಂದೇ. ಕುರಿ ಕಾಯುತ್ತಿದ್ದ ಅಪ್ಪನಿಂದ ಕಲಿತ ವಿದ್ಯೆ ಅದು. ಹನ್ನೊಂದು ವರ್ಷದಲ್ಲಿ ಅವನ ಕೈಕೆಳಗೆ ಒಂದು ಜೀವವೂ ಹೊಟ್ಟೆ ಕೆಟ್ಟು ಸತ್ತದ್ದಿಲ್ಲ. ಆಸ್ಪತ್ರೆಯವರು ಮೊಲದಪ್ಪ ಎಂದೇ ಕರೆದು ಅವನ ಸ್ವಂತ ಹೆಸರನ್ನು ಮರೆತದ್ದೂ ಅವನಿಗೆ ಹೆಮ್ಮೆಯೇ.

ತಲೆಯೊಳಗಿನ ರಕ್ತನಾಳ ಬಲೂನಿನಂತೆ ಉಬ್ಬಿ, ಒಡೆದು, ಮನುಷ್ಯ ನಿಂತ ನಿಲುವಿನಲ್ಲೇ ಬೀಳುತ್ತಾನಲ್ಲ, ಆ ಕಾಯಿಲೆಯ ಸಂಶೋಧನೆ ಅಲ್ಲಿ ನಡೆದಿತ್ತು. ಮೊಲದ ಕತ್ತಿನ ನಾಳದಲ್ಲಿ ಅಂಥದೇ ಉಬ್ಬು ಬರಿಸಿ, ಕೂದಲೆಳೆಯಂಥ ತಂತಿಯ ಹೊಸ ಜಾಲರಿಯೊಂದನ್ನು ಅದರೊಳಗೆ ತುಂಬಿ, ಒಡೆಯದೆ ನಿಲ್ಲುತ್ತದೋ ಎಂದು ನೋಡುವುದು. ಇಪ್ಪತ್ತರಲ್ಲಿ ನಾಲ್ಕು ಮೊಲ ಆ ವಾರ ಸತ್ತಿದ್ದವು. ಸತ್ತವನ್ನು ಕೊಯ್ದು ನೋಡುವಾಗ ತಟ್ಟೆ ಹಿಡಿದು ನಿಂತವನು ಇವನೇ. ಕತ್ತಿನಿಂದ ಎದೆಯವರೆಗೆ ಹೆಪ್ಪುಗಟ್ಟಿದ ಕಪ್ಪು ರಕ್ತ. ಅದರ ನಡುವೆ, ನಾಳವನ್ನು ತೂತು ಮಾಡಿ ಹೊರಗೆ ಇಣುಕಿದ ಜಾಲರಿಯ ತುದಿ.

ತಟ್ಟೆ ತೊಳೆದು ಮುಗಿಯುವ ಹೊತ್ತಿಗೆ ದೊಡ್ಡ ಡಾಕ್ಟರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದರು. ಕಂಕುಳಲ್ಲಿ ಸಾವಿನ ಪುಸ್ತಕ.

"ನೋಡಪ್ಪಾ, ನಾಲ್ಕೂ ಭೇದಿಯಾಗಿ ಸತ್ತವು ಅಂತ ಬರೆದಿದ್ದೀನಿ. ಸಾಕೋನ ಸಹಿ ಬೇಕು. ಇಲ್ಲಿ ಗೀಚು."

"ಭೇದಿನಾ ಸಾರ್? ಹಿಕ್ಕೆ ಕಡಲೆಕಾಳಿನ ಹಾಗೆ ಗಟ್ಟಿ ಇತ್ತಲ್ಲ!"

"ಒದ್ದೆ ಹುಲ್ಲು ತಿಂದವು ಅಂದ್ಕೋ. ನಿನ್ನನ್ಯಾರೂ ಬೈಯಲ್ಲ. ಭೇದಿ ಅಂದ್ರೆ ಆ ನಾಲ್ಕು ಲೆಕ್ಕಕ್ಕೇ ಇಲ್ಲ. ಉಳಿದ ಹದಿನಾರೂ ಗಟ್ಟಿಮುಟ್ಟು. ಇನ್ನು ಮನುಷ್ಯರಿಗೆ ಹಾಕೋಕೆ ಒಪ್ಪಿಗೆ ಸಿಗುತ್ತೆ."

ಮೊಲದಪ್ಪ ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ತೊಳೆಯತೊಡಗಿದ. ಆರು ವರ್ಷದ ಹಿಂದೆ ಅವನ ಹೆಂಡತಿ ಬಟ್ಟೆ ಹಿಂಡುತ್ತಿದ್ದವಳು "ತಲೆ ಸಿಡೀತು ಕಣ್ರೀ" ಎಂದು ಕೂಗಿ ಬಿದ್ದಾಗ, ಒಂಬತ್ತು ಗಂಟೆ ನಿಂತು ತಲೆ ತೆರೆದು, ಒಡೆದ ನಾಳಕ್ಕೆ ಕ್ಲಿಪ್ಪು ಹಾಕಿ ಉಳಿಸಿಕೊಟ್ಟವರು ಇದೇ ಡಾಕ್ಟರು. "ಮಧ್ಯಾಹ್ನ ಮಾಡ್ತೀನಿ ಸಾರ್" ಎಂದಿತು ನಾಲಿಗೆ. ಅಂದ ಮೇಲೆ ಆ ನಾಲಿಗೆಯನ್ನೇ ಉಗಿದುಬಿಡಬೇಕು ಎನ್ನಿಸಿತು.

ಊಟ ತಂದ ಹೆಂಡತಿ ಹಿತ್ತಲ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದಳು. ಅವನು ತುತ್ತು ಕಲಸಿ ಕಲಸಿ ಇಟ್ಟ.

"ಏನ್ರೀ, ಕೈ ತೊಳೆಯೋದು ಮರೆತ್ರಾ? ಇಲ್ಲಾ ನನ್ನ ಅಡುಗೆಗಿಂತ ಮೊಲದ ಹುಲ್ಲೇ ರುಚಿಯಾಯ್ತಾ?"

ಅವನು ಎಲ್ಲ ಹೇಳಿದ. ಅವಳು ನಗಲಿಲ್ಲ. ತಲೆಯ ಬಲಗಡೆ, ಕೂದಲು ಬೆಳೆಯದ ಗೆರೆಯ ಮೇಲೆ ಬೆರಳಾಡಿಸಿದಳು.

"ಈ ಕ್ಲಿಪ್ಪಿಗೂ ಎಲ್ಲೋ ಒಬ್ಬ ಮೊಲದಪ್ಪ ಸಹಿ ಹಾಕಿರ್ತಾನಲ್ವಾ? ಅವನೂ ಭೇದಿ ಅಂತ ಬರೆದಿದ್ರೆ ನಾನೆಲ್ಲಿರ್ತಿದ್ದೆ?"

"ಜೀವ ಉಳಿಸಿದೋರು ಕಣೇ."

"ಉಳಿಸಿದ್ರು. ಅದಕ್ಕೆ ಇನ್ನೊಬ್ಬಳ ತಲೆ ಕೊಡ್ತೀರಾ?"

ಎರಡು ಗಂಟೆಗೆ ಅವನು ಮೇಲೆ ಡಾಕ್ಟರ ಕೋಣೆಗೆ ಹೋದ. ತಣ್ಣಗಿನ ಕೋಣೆ, ಸುಗಂಧದ ವಾಸನೆ. ಕೆಳಗಿನ ಉಚ್ಚೆ ನಾತಕ್ಕೆ ಎಂದೂ ಬರದ ವಾಕರಿಕೆ ಇಲ್ಲಿ ಗಂಟಲವರೆಗೆ ಬಂತು. ಮೇಜಿನ ಮೇಲಿದ್ದ ಸಾವಿನ ಪುಸ್ತಕ ತೆರೆದು, 'ಭೇದಿ' ಎಂದಿದ್ದ ನಾಲ್ಕೂ ಕಡೆ ಗೆರೆ ಎಳೆದು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಜಾಲರಿ ಚುಚ್ಚಿ ನಾಳ ಒಡೆದು' ಎಂದು ಬರೆದು ಸಹಿ ಮಾಡಿದ.

ಡಾಕ್ಟರು ಓದಿದರು. ದನಿ ಏರಿಸಲಿಲ್ಲ. "ಮುಂದಿನ ತಿಂಗಳು ನಿನ್ನ ಹೆಂಡತಿಯ ತಪಾಸಣೆ ಇದೆಯಲ್ವಾ? ಪಾಪ, ಚೆನ್ನಾಗಿದ್ದಾಳಾ?"

ನಗುತ್ತಲೇ ಕೇಳಿದರು. ಆ ನಗು ಅವನ ಮೈಮೇಲೆ ಹುಳುವಿನಂತೆ ಹರಿಯಿತು.

"ಚೆನ್ನಾಗಿದ್ದಾಳೆ ಸಾರ್. ನಿಮ್ಮ ಋಣ ದೊಡ್ಡದು, ಅಲ್ಲ ಅನ್ನಲ್ಲ. ಇದ್ರಲ್ಲಿ ಮಾತ್ರ ತೀರಿಸೋಕೆ ಆಗಲ್ಲ, ಹಾಗೇ ಇರ್ಲಿ. ಅವಳನ್ನ ಬೇರೆ ಆಸ್ಪತ್ರೆಗೆ ತೋರಿಸ್ತೀನಿ."

ಪುಸ್ತಕವನ್ನು ಮೇಜಿನ ಮೇಲೆ ಬಿಡದೆ ಎತ್ತಿಕೊಂಡ. ಪ್ರಯೋಗದ ಪ್ರಾಣಿಗಳ ಸಾವನ್ನು ವಿಚಾರಿಸುವ ಸಮಿತಿಯ ಕೋಣೆ ಅದೇ ಸಾಲಿನಲ್ಲಿ, ಮೂರನೆಯ ಬಾಗಿಲು.