ಬೆನ್ನ ಹಿಂದಿನ ಜಾಗ

ಚಹಾದ ಲೋಟ ಹಿಡಿದು ಬಂದವಳು ಕಂಪ್ಯೂಟರಿನ ಪರದೆ ನೋಡಿ ನಿಂತಲ್ಲೇ ನಿಂತುಬಿಟ್ಟಳು. ಆಟದೊಳಗೆ ಅವಳ ವೈದ್ಯೆ ಎತ್ತರದ ಹುಲ್ಲಿನ ನಡುವೆ ಮಂಡಿಯೂರಿ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಲೋಕದ ಗೊಡವೆಯೇ ಇಲ್ಲದವಳ ಹಾಗೆ ಕೂತಿದ್ದಳು. ಅವಳ ಮುಂದೆ ಗುರುತು ಪರಿಚಯವಿಲ್ಲದ ಯಾರೋ ಒಬ್ಬ ಗುರಾಣಿ ಅಡ್ಡ ಹಿಡಿದು ತೋಳಗಳ ಜೊತೆ ಏಕಾಂಗಿಯಾಗಿ ಹೆಣಗುತ್ತಿದ್ದ. ಒಂದು ತೋಳ ಬಿದ್ದರೆ ಮಂಜಿನೊಳಗಿಂದ ಇನ್ನೆರಡು ಬರುತ್ತಿದ್ದವು. ಅವನ ತಲೆಯ ಮೇಲಿನ ಜೀವದ ಪಟ್ಟಿ ಕೂದಲೆಳೆಯಷ್ಟು ಉಳಿದಿತ್ತು.

ಲೋಟವನ್ನು ಕುಕ್ಕಿ, ಚೆಲ್ಲಿದ್ದನ್ನೂ ಲೆಕ್ಕಿಸದೆ ಕೀಲಿಗಳ ಮೇಲೆ ಬೆರಳಿಟ್ಟಳು. ವೈದ್ಯೆ ಎದ್ದು ಕೋಲು ಎತ್ತಿದಳು, ಬೆಳಕು ಚೆಲ್ಲಿತು, ಅವನ ಪಟ್ಟಿ ಮತ್ತೆ ತುಂಬಿಕೊಂಡಿತು. ತೋಳಗಳು ಮುಗಿದ ಮೇಲೆ ಅವನು ಅವಳ ಕಡೆ ತಿರುಗಿದ. ಅವನ ತಲೆಯ ಮೇಲೆ ‘ಮುಂಗುಸಿ’ ಎಂಬ ಹೆಸರಿತ್ತು. ಪರದೆಯ ಮೂಲೆಯಲ್ಲಿ ಅಕ್ಷರಗಳು ಮೂಡಿದವು.

“ಎಲ್ಲಿ ಹೋಗಿದ್ರಿ ಮೇಡಮ್?”

“ಚಹಾ ಮಾಡ್ಕೊಳ್ಳೋಕೆ,” ಎಂದು ಬರೆದಳು. ಬರೆದ ಮೇಲೆ ಮುಖ ಬಿಸಿಯಾಯಿತು.

“ಎದ್ದು ಹೋಗೋವಾಗ ಒಂದು ಮಾತು ಹೇಳಿ ಹೋಗ್ಬಾರ್ದಾ? ಬಂದ್ರಿ, ಸೀದಾ ನನ್ನ ಬೆನ್ನ ಹಿಂದೆ ಕೂತ್ಕೊಂಡ್ರಿ, ಆಮೇಲೆ ಮಾತೇ ಇಲ್ಲ. ನನಗೆ ಬಿಟ್ಟು ಹೋಗೋಕೂ ಆಗ್ಲಿಲ್ಲ, ಇರೋಕೂ ಆಗ್ಲಿಲ್ಲ.”

ತಪ್ಪು ಅವಳದೇ. ಆದರೆ ಅಂಥ ತಪ್ಪನ್ನು ಈ ಆಟದಲ್ಲಿ ಇನ್ಯಾರೂ ಮಾಡಲು ಸಾಧ್ಯವಿರಲಿಲ್ಲ. ಅದು ಹಳೆಯ ಆಟದಲ್ಲಿ ಅವಳೂ ಅವಳ ಗಂಡನೂ ರೂಢಿಸಿಕೊಂಡಿದ್ದ ಪದ್ಧತಿ. ಆಡುತ್ತಾ ಆಡುತ್ತಾ ಚಹಾಕ್ಕೋ, ಒಲೆ ಆರಿಸುವುದಕ್ಕೋ ಏಳಬೇಕಾದವರು ತಮ್ಮ ಪಾತ್ರವನ್ನು ಇನ್ನೊಬ್ಬರ ಬೆನ್ನ ಹಿಂದೆ ಕೂರಿಸಿ ಎದ್ದು ಹೋಗುವುದು. ಹೇಳುವುದು ಕೇಳುವುದು ಏನೂ ಇಲ್ಲ. ಕೂತರೆ ಎದ್ದು ಹೋದರು ಎಂದೇ ಅರ್ಥ. ಬರುವ ತನಕ ಇನ್ನೊಬ್ಬರು ಅಲ್ಲಿಂದ ಕದಲುವಂತಿಲ್ಲ. ಒಂದೇ ಕೋಣೆಯಲ್ಲಿ, ಬೆನ್ನಿಗೆ ಬೆನ್ನು ಮಾಡಿಕೊಂಡು, ಎರಡು ಕಂಪ್ಯೂಟರುಗಳ ಮುಂದೆ ಮದುವೆಯ ವರ್ಷಗಳನ್ನೆಲ್ಲ ಅವರು ಹೀಗೇ ಕಳೆದಿದ್ದರು. ಅವನು ಗುರಾಣಿ ಹಿಡಿಯುವವನು, ಅವಳು ವೈದ್ಯೆ. ಅವನು ಏಟು ತಿನ್ನಬೇಕು, ಅವಳು ಗಾಯ ಮಾಯಿಸಬೇಕು. ಮನೆಮನೆಗಳಲ್ಲಿ ಗಂಡ ಹೆಂಡಿರು ಹಂಚಿಕೊಳ್ಳುವ ಕೆಲಸಗಳಿಗಿಂತ ಇದೇನು ಕಡಿಮೆಯದಲ್ಲ ಎಂದು ಅವಳು ಆಗ ತಿಳಿದಿದ್ದಳು.

ಅವಳು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಂತವೈದ್ಯರಿಂದ ಬಾಯಿಗಳ ಅಚ್ಚು ಬರುತ್ತದೆ. ಅದಕ್ಕೆ ಪ್ಲಾಸ್ಟರು ಹೊಯ್ದು, ಮೇಣದ ವಸಡು ಕಟ್ಟಿ, ಒಂದೊಂದೇ ಹಲ್ಲನ್ನು ಅದರ ಜಾಗದಲ್ಲಿ ಕೂರಿಸಬೇಕು. ಮುಖವನ್ನೇ ನೋಡದೆ ನಗು ಮಾಡಿಕೊಡುವ ಕೆಲಸ. ಅದು ಅವಳಿಗೆ ಇಷ್ಟ. ಇಷ್ಟವಿಲ್ಲದಿದ್ದದ್ದು ಗಂಡನ ಅಕ್ಕನಿಗೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ, ಓದಿಸಿ, ಆ ಭರದಲ್ಲಿ ತನ್ನ ಮದುವೆಯ ಮಾತನ್ನೇ ಮರೆತ ಹೆಂಗಸು ಆಕೆ. ಕೆಟ್ಟವಳು ಎನ್ನಲು ಯಾರಿಗೂ ಬಾಯಿ ಬಾರದು. ಆಕೆ ಬೈಯುತ್ತಿರಲಿಲ್ಲ, ಜಗಳಕ್ಕೂ ಬರುತ್ತಿರಲಿಲ್ಲ. ಇವಳು ತೊಳೆದಿಟ್ಟ ಪಾತ್ರೆಯನ್ನು ಇವಳೆದುರಿಗೇ ತೆಗೆದುಕೊಂಡು ಮತ್ತೊಮ್ಮೆ ತೊಳೆಯುತ್ತಿದ್ದಳು, ಅಷ್ಟೆ. ನಲ್ಲಿ ನೀರಿನ ಆ ಸದ್ದು ಕೇಳಿದಾಗಲೆಲ್ಲ ಇವಳಿಗೆ ತನ್ನ ಕೈಗಳನ್ನು ಎಲ್ಲಿ ಬಚ್ಚಿಟ್ಟುಕೊಳ್ಳಲಿ ಎನಿಸುತ್ತಿತ್ತು.

ಒಂದು ಭಾನುವಾರ ಊಟಕ್ಕೆ ನೆಂಟರು ಬಂದಿದ್ದರು. ಇವಳು ತಟ್ಟೆಗಳನ್ನು ಹಾಕಿ ಇನ್ನೇನು ಬಡಿಸಬೇಕು, ಅಕ್ಕ ಬಂದು ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಎತ್ತಿಕೊಂಡಳು. “ತಡೀರಿ, ಬೇರೆ ತಟ್ಟೆ ಕೊಡ್ತೀನಿ. ಇವಳ ಕೈ ದಿನವಿಡೀ ಯಾರ್ಯಾರ ಬಾಯೊಳಗಿರತ್ತೋ ಏನೋ,” ಎಂದಳು. ನೆಂಟರು ತಮಾಷೆ ಎಂದುಕೊಂಡು ನಕ್ಕರು. ಇವಳು ಗಂಡನ ಕಡೆ ನೋಡಿದಳು. ಅವನು ತಟ್ಟೆ ಇಲ್ಲದ ಮೇಜನ್ನೇ ನೋಡುತ್ತಾ ಕೂತಿದ್ದ. ಹಿಂದಿನ ದಿನವಷ್ಟೇ ಬೆಟ್ಟದಷ್ಟು ದೊಡ್ಡ ರಾಕ್ಷಸನೆದುರು ಎದೆಯೊಡ್ಡಿ ನಿಂತು, ಇವಳ ಮೇಲೆ ಒಂದು ಕಲ್ಲು ಬೀಳಲು ಬಿಡದಿದ್ದ ಮಹಾಶಯ. ಒಂದು ಮಾತು ಸಾಕಿತ್ತು. “ಬಿಡಕ್ಕ,” ಎಂದಿದ್ದರೂ ಸಾಕಿತ್ತು. ಅವಳು ಆ ಮಾತಿಗಾಗಿ ಊಟ ಮುಗಿಯುವ ತನಕ ಕಾದಳು, ಆಮೇಲೆ ಆ ತಿಂಗಳು ಮುಗಿಯುವ ತನಕ ಕಾದಳು. ಕೊನೆಗೆ ಬೀಗ ರಿಪೇರಿಯವನ ಅಂಗಡಿಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದು ಹೊರಬಿದ್ದಳು.

ಹೊರಡುವಾಗ ಸಾಮಾನು ಹಂಚಿಕೊಳ್ಳುವುದೇನೂ ಕಷ್ಟವಾಗಲಿಲ್ಲ. ಹಂಚಿಕೊಳ್ಳಲಾಗದ್ದು ಆಟ. ಅಲ್ಲಿನ ಗೆಳೆಯರು ಇಬ್ಬರಿಗೂ ಗೆಳೆಯರು, ಅಲ್ಲಿನ ದಾರಿಗಳಲ್ಲಿ ಇಬ್ಬರೂ ಎದುರಾಗಲೇಬೇಕು. “ಆಟ ನೀನೇ ಇಟ್ಕೋ, ನಾನಿನ್ನು ಬರಲ್ಲ,” ಎಂದು ಸಂದೇಶ ಕಳಿಸಿದಳು. ಬೇಡ, ನೀನೂ ಬಾ ಎನ್ನುತ್ತಾನೆ, ಜಗಳವನ್ನಾದರೂ ಆಡುತ್ತಾನೆ ಎಂದು ಒಳಗೊಳಗೇ ಆಸೆಯಿತ್ತು. “ಸರಿ,” ಎಂದು ಬಂತು. ಆ ಎರಡಕ್ಷರಕ್ಕೆ ಅವಳು ಅತ್ತಷ್ಟು ಮನೆ ಬಿಟ್ಟದ್ದಕ್ಕೂ ಅತ್ತಿರಲಿಲ್ಲ.

ಸಂಜೆ ಲ್ಯಾಬಿನಿಂದ ಬಂದರೆ ಕೈಗೆ ಕೆಲಸವಿಲ್ಲ, ಬಾಯಿಗೆ ಮಾತಿಲ್ಲ. ಹೊಸ ಆಟ ಹುಡುಕತೊಡಗಿದಳು. ಒಂದರಲ್ಲಿ ಎಲ್ಲರೂ ಬಾಲಕ್ಕೆ ಬೆಂಕಿ ಬಿದ್ದವರಂತೆ ಓಡುತ್ತಿದ್ದರು. ನಿಂತು ಮಾತಾಡುವವರೇ ಇರಲಿಲ್ಲ. ಇನ್ನೊಂದರಲ್ಲಿ ಹೆಜ್ಜೆಗೊಂದು ಅಂಗಡಿ. ಮತ್ತೊಂದರಲ್ಲಿ ವೈದ್ಯೆಯ ಕಣ್ಣು ತಟ್ಟೆಯಗಲ, ಸೊಂಟ ಬೆರಳಗಲ. ಇಂಥವಳು ಯಾರ ಗಾಯ ಮಾಯಿಸಿಯಾಳು ಎಂದು ನಗು ಬಂದು ಅಳಿಸಿಹಾಕಿದಳು. ಕೊನೆಗೆ ಸಿಕ್ಕಿದ್ದು ಈ ಮಂಜಿನ ಬಯಲಿನ ಆಟ. ನಿಧಾನದ ಆಟ, ಜನವೂ ಅಷ್ಟೇನಿಲ್ಲ. ಯಾರಾಗುತ್ತೀಯ ಎಂದು ಅದು ಕೇಳಿದಾಗ ಬಿಲ್ಲುಗಾರ್ತಿಯಾಗಬಹುದಿತ್ತು, ಕಳ್ಳಿಯಾಗಬಹುದಿತ್ತು. ಬೆರಳು ತಾನಾಗಿ ವೈದ್ಯೆಯ ಮೇಲೆ ಹೋಗಿ ಕೂತಿತು. ಎರಡನೆಯ ಸಂಜೆಗೇ, ಎದುರಿಗೆ ಗುರಾಣಿಯವನೊಬ್ಬ ನಿಂತದ್ದು ಕಂಡದ್ದೇ ತಡ, ಅವನ ಬೆನ್ನ ಹಿಂದೆ ಕೂತು ಚಹಾ ಮಾಡಲು ಎದ್ದುಹೋಗಿದ್ದಳು.

“ಅಭ್ಯಾಸ. ತಪ್ಪಾಯ್ತು,” ಎಂದು ಕೊನೆಗೂ ಬರೆದಳು.

“ತಪ್ಪೇನ್ ಬಂತು. ಮುಂದಿನ್ಸಲ ‘ಏಳ್ತೀನಿ’ ಅನ್ನಿ, ಸಾಕು.”

ಮುಂಗುಸಿ ಶಾಲೆಯ ವ್ಯಾನು ಓಡಿಸುವವನು. ಸಂಜೆ ಕೊನೆಯ ಮಗುವನ್ನು ಮನೆಗೆ ಬಿಟ್ಟ ಮೇಲೆ ವ್ಯಾನನ್ನು ಮರದ ಕೆಳಗೆ ನಿಲ್ಲಿಸಿಕೊಂಡು, ಅದರ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಫೋನಿನಲ್ಲೇ ಆಡುತ್ತಿದ್ದ. ಮನೆಯಲ್ಲಿ ಕೂತು ಆಡಬಾರದೇ ಎಂದು ಕೇಳಿದ್ದಕ್ಕೆ, “ಮನೇಲಿ ನನ್ನ ಹೆಂಡ್ತಿ, ಅವಳ ತಂಗಿ, ಇಬ್ಬರ ಅಮ್ಮ. ವ್ಯಾನಲ್ಲಿ ಮಕ್ಕಳ ಗಲಾಟೆ ಎಷ್ಟೋ ವಾಸಿ,” ಎಂದ. ಅವನ ಆಟ ಅಷ್ಟಕ್ಕಷ್ಟೇ. ಗುರಾಣಿಯನ್ನು ಕೊಡೆಯಂತೆ ಹಿಡಿಯುತ್ತಿದ್ದ, ತಿರುಗಬೇಕಾದಲ್ಲಿ ತಿರುಗುತ್ತಿರಲಿಲ್ಲ, ಎಲ್ಲಿಗೆ ಹೊರಟರೂ ಒಮ್ಮೆ ದಾರಿ ತಪ್ಪುತ್ತಿದ್ದ. ವ್ಯಾನನ್ನು ಹೇಗೆ ಓಡಿಸುತ್ತಾನೋ ಎಂದು ಅವಳಿಗೆ ದಿಗಿಲು. ಆದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದ. ಮುಂದೆ ಹೋಗ್ತೀನಿ, ಹಿಂದೆ ಬನ್ನಿ, ಭಯ ಆಗ್ತಿದೆ, ಓಡೋಣ. ಅವಳಿಗೂ ಮೆಲ್ಲಗೆ ಅಭ್ಯಾಸವಾಯಿತು. “ಏಳ್ತೀನಿ,” ಎಂದು ಬರೆದು, “ಹೂಂ, ಹೋಗ್ಬನ್ನಿ,” ಎಂಬುದನ್ನು ಕಣ್ಣಾರೆ ನೋಡಿದ ಮೇಲೆಯೇ ಕುರ್ಚಿ ಬಿಡುತ್ತಿದ್ದಳು.

“ಹಳೇ ಆಟ ಯಾಕೆ ಬಿಟ್ರಿ?” ಎಂದು ಒಮ್ಮೆ ಕೇಳಿದ.

“ಜೊತೆಯವರು ಸರಿಹೋಗ್ಲಿಲ್ಲ.”

“ಆಡೋಕೆ ಬರ್ತಿರ್ಲಿಲ್ವಾ?”

“ಆಟ ಚೆನ್ನಾಗೇ ಆಡ್ತಿದ್ರು,” ಎಂದು ಬರೆದಳು. ಅವನು ಮುಂದೆ ಕೆದಕಲಿಲ್ಲ.

ಇಬ್ಬರೂ ಬಯಲು ದಾಟಿ ಹಳ್ಳದ ದಂಡೆಗೆ ಬಂದಿದ್ದ ಒಂದು ಸಂಜೆ ಫೋನು ಬಂತು. ನೋಡಿದರೆ ಗಂಡನ ಹೆಸರು. “ಏಳ್ತೀನಿ” ಎಂದು ಮುಂಗುಸಿಗೆ ಬರೆದು ಫೋನನ್ನು ಕಿವಿಗೆ ಹಿಡಿದಳು.

“ಊಟ ಆಯ್ತಾ?” ಎಂದ. ಇಷ್ಟು ತಿಂಗಳ ಮೇಲೆ ಅದೇ ಮೊದಲ ಮಾತು.

“ಇನ್ನೂ ಇಲ್ಲ. ಹೊತ್ತಾಗಿಲ್ವಲ್ಲ.”

“ಹೌದಲ್ಲ.” ಕೆಳಗೆ ಬೀಗದವನು ಕೀಲಿಗೆ ಅರ ಉಜ್ಜುವ ಸದ್ದು ನಿಂತು ಮತ್ತೆ ಶುರುವಾಯಿತು. “ನಾನೂ ಆ ಆಟ ಬಿಟ್ಟೆ ಕಣೆ.”

“ಯಾಕೆ?”

“ಎಲ್ಲರೂ ಇದ್ದಾರೆ. ದಿನಾ ಕರೀತಾರೆ. ಹೋಗ್ತೀನಿ, ಸುಮ್ನೆ ನಿಂತಿರ್ತೀನಿ. ಹಿಂದೆ ತಿರುಗಿ ನೋಡಿದ್ರೆ ಯಾರೂ ಇರಲ್ಲ.” “ನೀನು ಬೇರೆ ಯಾವುದೋ ಆಡ್ತಿದೀಯಂತೆ. ಹೆಸರು ಹೇಳು. ನಾನೂ ಬರ್ತೀನಿ. ಮೊದಲಿನಿಂದ ಶುರು ಮಾಡೋಣ. ಅಲ್ಲಿ ನಮ್ಮನ್ನ ಯಾರಿಗೂ ಗೊತ್ತಿರಲ್ಲ.”

ಈ ಮಾತಿಗಾಗಿಯೇ ಅವಳು ಕಾದಿದ್ದಳು. ಕಾದಿಲ್ಲ ಎಂದು ತನಗೇ ಎಷ್ಟು ಸಲ ಹೇಳಿಕೊಂಡಿದ್ದರೂ ಕಾದಿದ್ದಳು. ಎದೆಯ ಮೇಲಿದ್ದ ಕಲ್ಲು ಒಂದೇಟಿಗೆ ಇಳಿದಂತಾಗಿ, ಅವಳಿಗೆ ಸಂತೋಷದಿಂದ ಅಳು ಬಂತು. ಇವನಿಲ್ಲದೆ ತನ್ನಿಂದಾಗದು ಎಂದು ಅವಳಿಗೆ ಆ ಕ್ಷಣ ಗೊತ್ತಾಯಿತು. ಆದರೂ ಒಂದನ್ನು ಕೇಳಲೇಬೇಕಿತ್ತು.

“ನನಗೆ ಫೋನ್ ಮಾಡ್ತಿರೋದು ಅಕ್ಕಂಗೆ ಗೊತ್ತಾ?”

“ಹೇಳ್ತೀನಿ.”

“ಆಟದ ಮಾತಲ್ಲ ನಾನು ಕೇಳ್ತಿರೋದು.”

“ಗೊತ್ತು ಕಣೆ. ಆವತ್ತು ಊಟದ ದಿನ ನಾನು ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ. ಎಷ್ಟು ಸಲ ಅದನ್ನೇ ಯೋಚನೆ ಮಾಡಿದೀನಿ ಅಂತ ನಿನಗೇನು ಗೊತ್ತು. ಈ ಸಲ ಹೇಳ್ತೀನಿ, ನಿನ್ನಾಣೆ. ಅವಳೇನು ನನ್ನ ತಿಂದುಬಿಡ್ತಾಳಾ?”

ಅವಳು ನಕ್ಕಳು. ಅವನೂ ಆ ಕಡೆ ಮೂಗಿನಲ್ಲೇ ನಕ್ಕ. ಸರಿ, ಸಾಕು, ಇಷ್ಟು ಬಾಯಲ್ಲಿ ಬಂತಲ್ಲ ಎಂದುಕೊಂಡಳು. ಆಟದ ಹೆಸರು ಹೇಳಲು ಬಾಯಿ ತೆರೆದಳು. ಗುರಾಣಿ ಹಿಡಿಯುವವನು ಇಲ್ಲೊಬ್ಬ ಆಗಲೇ ಇದ್ದಾನೆ, ನೀನು ಬೇರೆ ಏನಾದರೂ ಆಗು ಎಂದು ರೇಗಿಸಬೇಕೆಂದಿದ್ದಳು.

ಅಷ್ಟರಲ್ಲಿ ಆ ಕಡೆ ಬಾಗಿಲು ತೆಗೆದ ಸದ್ದಾಯಿತು. “ಯಾರೋ ಅದು ಫೋನಲ್ಲಿ?” ಅಕ್ಕನ ದನಿ. ಸಿಟ್ಟಿನ ದನಿಯೇನಲ್ಲ, ಸುಮ್ಮನೆ ಕೇಳಿದ್ದು.

“ಯಾರೂ ಇಲ್ಲಕ್ಕ,” ಎಂದ ಅವನು, ತಟಕ್ಕನೆ. “ರಾಂಗ್ ನಂಬರ್.”

ಫೋನಿಗೆ ಬಟ್ಟೆ ಉಜ್ಜಿದ ಸದ್ದು ಕೇಳಿತು. ಗಡಿಬಿಡಿಯಲ್ಲಿ ಕರೆಯನ್ನು ನಿಲ್ಲಿಸದೆಯೇ ಫೋನನ್ನು ಅಂಗಿಯ ಜೇಬಿಗೆ ಇಳಿಸಿಬಿಟ್ಟಿದ್ದ. ಅವಳು ಕಿವಿಯಿಂದ ತೆಗೆಯಲಿಲ್ಲ. ತೆಗೆಯಬೇಕೆಂದು ಹೊಳೆಯಲೂ ಇಲ್ಲ.

“ರಾಂಗ್ ನಂಬರ್ ಜೊತೆ ಇಷ್ಟೊತ್ತು ಮಾತಾಡ್ತಿದ್ಯಾ?”

“ಪಾಪ, ಯಾರನ್ನೋ ಹುಡುಕ್ತಿದ್ರು.”

“ಸರಿ, ಬಾ. ಕೆಮ್ಮು ಕಮ್ಮಿ ಆಯ್ತಾ? ಬಿಸಿನೀರಿಟ್ಟಿದೀನಿ, ಕುಡಿ ಮೊದಲು.”

ಅವನಿಗೆ ಕೆಮ್ಮಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಜೇಬಿನೊಳಗಿನ ಫೋನಿನಲ್ಲಿ ಈಗ ಅವನ ಉಸಿರು ಕೇಳುತ್ತಿತ್ತು, ಎದೆಯೊಳಗಿನ ಸಣ್ಣ ಗೊರಗೊರ ಕೂಡ. ಆ ಮನೆಯಲ್ಲಿದ್ದ ದಿನಗಳಲ್ಲೂ ಅವನ ಎದೆಗೆ ಇಷ್ಟು ಹತ್ತಿರ ಕಿವಿಯಿಟ್ಟು ಎಷ್ಟೋ ಕಾಲವಾಗಿತ್ತು. ಕುರ್ಚಿ ಎಳೆದ ಸದ್ದಾಯಿತು. ಅಕ್ಕ ಪಕ್ಕದ ಮನೆಯವರ ಹೊಸ ಕಿಟಕಿಯ ವಿಷಯ ಏನೋ ಹೇಳುತ್ತಿದ್ದಳು. ಅವನು ಹೂಂ, ಹೂಂ ಎನ್ನುತ್ತಿದ್ದ.

ಪರದೆಯ ಮೂಲೆಯಲ್ಲಿ ಅಕ್ಷರಗಳು ಮೂಡಿ ಎಷ್ಟು ಹೊತ್ತಾಗಿತ್ತೋ. “ಇದೀರಾ ಮೇಡಮ್? ಹೊತ್ತಾಯ್ತು, ವ್ಯಾನ್ ತಗೊಂಡು ಹೋಗ್ಬೇಕು. ಹಳ್ಳ ದಾಟಿಸಿಬಿಡ್ತೀನಿ, ಬನ್ನಿ.”

ಫೋನನ್ನು ಕಿವಿಗೆ ಒತ್ತಿಕೊಂಡೇ ಅವಳು ಒಂದು ಕೈಯಲ್ಲಿ ಒಂದೊಂದೇ ಅಕ್ಷರ ಹುಡುಕಿ, “ಬಂದೆ,” ಎಂದು ಬರೆದಳು. ವೈದ್ಯೆ ಎದ್ದು ನೀರಿಗಿಳಿದಳು. ಮೊಣಕಾಲಿನ ತನಕ, ಆಮೇಲೆ ಸೊಂಟದ ತನಕ ನೀರು ಬಂತು. ಕಿವಿಯಲ್ಲಿ ಯಾರೋ ಲೋಟಕ್ಕೆ ಬಿಸಿನೀರು ಹೊಯ್ಯುತ್ತಿದ್ದರು. ಅವನು ಊದಿ ಊದಿ ಕುಡಿಯುವುದು ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.